ಮೀನಿಗೆ ಜೀವಂತ ಲಸಿಕೆ: ರೋಗಾಣುವನ್ನು ಎಷ್ಟು ಪಳಗಿಸಬೇಕು?

ಕಾಯಿಲೆ ಬಿದ್ದ ಮೀನು ಮೊದಲು ಬಿಡುವುದು ಮೇವನ್ನು. ಈ ಸಂಗತಿಯಿಂದಲೇ ಮಾತು ಶುರು ಮಾಡುತ್ತೇನೆ, ಏಕೆಂದರೆ ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಇದರ ಸುತ್ತಲೇ ಇದೆ. ಸಾಕಣೆ ಕೊಳದಲ್ಲಿ ಸಾವಿರಾರು ಮೀನುಗಳಿರುತ್ತವೆ. ಒಂದೊಂದನ್ನೂ ಹಿಡಿದು ಬಾಯಿಗೆ ಔಷಧ ಹಾಕಲು ಆಗುವುದಿಲ್ಲ. ಹಾಗಾಗಿ ಆ್ಯಂಟಿಬಯಾಟಿಕ್ಕನ್ನು ಮೇವಿನಲ್ಲಿ ಬೆರೆಸಿ ಎರಚುತ್ತೇವೆ. ಅದನ್ನು ಯಾವ ಮೀನು ತಿನ್ನುತ್ತದೆ? ಇನ್ನೂ ಹಸಿವಿರುವ ಮೀನು, ಅಂದರೆ ಇನ್ನೂ ಗಟ್ಟಿಮುಟ್ಟಾಗಿರುವ ಮೀನು. ಔಷಧ ನಿಜವಾಗಿ ಬೇಕಿದ್ದ ಮೀನು ತಲೆ ಮೇಲೆ, ಬಾಲ ಕೆಳಗೆ ಮಾಡಿಕೊಂಡು ನೀರಲ್ಲಿ ತೂಗಾಡುತ್ತಿರುತ್ತದೆ. ಮೇವಿನ ಕಾಳು ಅದರ ಮೂತಿಯ ಮುಂದೆಯೇ ಮುಳುಗಿ ಹೋಗುತ್ತದೆ. ಕೆಸರಿಗೆ ಸೇರಿದ ಆ ಔಷಧ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಪ್ರತಿರೋಧ ಕಲಿಸುವ ಪಾಠವಾಗುತ್ತದೆ.

ಆದ್ದರಿಂದ ರೋಗ ಬರುವುದಕ್ಕೆ ಮೊದಲೇ ಮೀನನ್ನು ಸಿದ್ಧಗೊಳಿಸಬೇಕು ಎಂಬ ಯೋಚನೆ ಬಹಳ ಹಳೆಯದು. 1942ರಲ್ಲಿ ಕೆನಡಾದ ಡಫ್ ಎಂಬ ವಿಜ್ಞಾನಿ ಕ್ಲೋರೋಫಾರ್ಮ್‌ನಿಂದ ಕೊಂದ ಬ್ಯಾಕ್ಟೀರಿಯಾವನ್ನು ಎರಡು ತಿಂಗಳಿಗೂ ಹೆಚ್ಚು ಕಾಲ ಟ್ರೌಟ್ ಮೀನುಗಳಿಗೆ ಮೇವಿನಲ್ಲಿ ತಿನ್ನಿಸಿ, ಅವು ಫ್ಯುರಂಕ್ಯುಲೋಸಿಸ್ ಎಂಬ ಹುಣ್ಣಿನ ಕಾಯಿಲೆಯನ್ನು ತಡೆದುಕೊಳ್ಳುತ್ತವೆ ಎಂದು ತೋರಿಸಿದರು. ಸರಿಯಾದ ದಾರಿಯಲ್ಲಿ ಇಟ್ಟ ಮೊದಲ ಹೆಜ್ಜೆ ಅದು. ಆದರೆ ಅದೇ ದಶಕದಲ್ಲಿ ಸಲ್ಫಾ ಔಷಧಗಳು, ಅವುಗಳ ಹಿಂದೆಯೇ ಆ್ಯಂಟಿಬಯಾಟಿಕ್‌ಗಳು ಬಂದವು. ಮೀನಿನ ಲಸಿಕೆಯ ಮಾತು ಸುಮಾರು ಮೂವತ್ತು ವರ್ಷ ಮೂಲೆಗೆ ಸೇರಿತು. ಮೊದಲ ಪರವಾನಗಿ ಪಡೆದ ಲಸಿಕೆ ಬಂದದ್ದು 1976ರಲ್ಲಿ, ಅಮೆರಿಕದಲ್ಲಿ. ಟ್ರೌಟ್‌ನ ಬಾಯಿ ಕೆಂಪಾಗುವ ಕಾಯಿಲೆಗೆ ಕಾರಣವಾದ ಯೆರ್ಸಿನಿಯಾ ರಕೆರಿ ಎಂಬ ಬ್ಯಾಕ್ಟೀರಿಯಾವನ್ನು ಕೊಂದು ತಯಾರಿಸಿದ ಲಸಿಕೆ ಅದು. ಮೀನನ್ನು ಅದರಲ್ಲಿ ಅದ್ದಿ ತೆಗೆದರೆ ಸಾಕಾಗುತ್ತಿತ್ತು.

ಕೊಂದ ಬ್ಯಾಕ್ಟೀರಿಯಾದ ಲಸಿಕೆ ಎಷ್ಟು ದೊಡ್ಡ ಕೆಲಸ ಮಾಡಬಲ್ಲದು ಎಂಬುದಕ್ಕೆ ನಾರ್ವೆಯೇ ಸಾಕ್ಷಿ. 1987ರಲ್ಲಿ ಅಲ್ಲಿನ ಸಾಕಣೆಗಾರರು ಸುಮಾರು 50 ಟನ್ ಆ್ಯಂಟಿಬಯಾಟಿಕ್ ಬಳಸಿದ್ದರು. ಆಗ ಅವರು ಬೆಳೆಸುತ್ತಿದ್ದ ಮೀನು ಒಟ್ಟು ಐವತ್ತು ಸಾವಿರ ಟನ್ ಆಸುಪಾಸು. ಲೆಕ್ಕ ಹಾಕಿ ನೋಡಿ, ಒಂದು ಟನ್ ಮೀನಿಗೆ ಒಂದು ಕಿಲೋ ಆ್ಯಂಟಿಬಯಾಟಿಕ್! 1990ರ ದಶಕದ ಆರಂಭದಲ್ಲಿ ಎಣ್ಣೆ ಬೆರೆಸಿದ, ಚುಚ್ಚಿ ಕೊಡುವ ಲಸಿಕೆಗಳು ಬಂದವು. ಈಗ ಅಲ್ಲಿನ ಉತ್ಪಾದನೆ ಹತ್ತು ಲಕ್ಷ ಟನ್ ದಾಟಿದೆ, ಆ್ಯಂಟಿಬಯಾಟಿಕ್ ಒಂದು ಟನ್‌ಗಿಂತ ಕೆಳಗಿಳಿದಿದೆ. ಪಶುವೈದ್ಯಕೀಯದಲ್ಲಿ ಇಷ್ಟು ಸ್ಪಷ್ಟವಾದ ಗೆಲುವು ಅಪರೂಪ. ಈ ಅಂಕಿಗಳನ್ನು ಹೇಳುವಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಹಾಗಿದ್ದರೆ ಜೀವಂತ ಲಸಿಕೆಯ ಗೊಡವೆ ಏಕೆ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ಚಿಲಿ ದೇಶದಲ್ಲಿದೆ. ಅಲ್ಲಿಯೂ ಅದೇ ಸಾಲ್ಮನ್, ಅದೇ ಬಲೆಪಂಜರಗಳು, ಅದೇ ಎಣ್ಣೆಯ ಲಸಿಕೆಗಳು. ಆದರೂ ಚಿಲಿಯ ಸಾಕಣೆ ವರ್ಷಕ್ಕೆ ನೂರಾರು ಟನ್ ಆ್ಯಂಟಿಬಯಾಟಿಕ್ ಬಳಸುತ್ತದೆ. ಅದರಲ್ಲಿ ಬಹುಪಾಲು ಹೋಗುವುದು ಒಂದೇ ರೋಗಾಣುವಿನ ಮೇಲೆ. ಪಿಸಿರಿಕೆಟ್ಸಿಯಾ ಸಾಲ್ಮೊನಿಸ್ ಅದರ ಹೆಸರು. 1989ರಲ್ಲಿ ಅಲ್ಲಿಯೇ ಅದನ್ನು ಮೊದಲು ಬೇರ್ಪಡಿಸಿದರು. ಇದನ್ನು ಕೊಂದು ಮಾಡಿದ ಲಸಿಕೆಗಳು ಹಲವು ಬಂದಿವೆ. ಮೀನು ಸಮುದ್ರಕ್ಕಿಳಿದ ಮೊದಲ ಕೆಲವು ತಿಂಗಳು ಅವು ಒಂದಿಷ್ಟು ಕಾಪಾಡುತ್ತವೆ, ಆಮೇಲೆ ಕಾವಲು ಸಡಿಲವಾಗುತ್ತದೆ.

ನಾರ್ವೆಯಲ್ಲಿ ಸೋತ ರೋಗಾಣುಗಳಿಗೂ ಇದಕ್ಕೂ ಏನು ವ್ಯತ್ಯಾಸ? ಅವು ಬಹುಮಟ್ಟಿಗೆ ರಕ್ತದಲ್ಲಿ, ಅಂಗಾಂಶದ ದ್ರವದಲ್ಲಿ ಬಯಲಲ್ಲೇ ಬೆಳೆಯುತ್ತವೆ. ಮೀನಿನ ಪ್ರತಿಕಾಯಗಳು, ಅಂದರೆ ರೋಗಾಣುವನ್ನು ಗುರುತಿಸುವ ರಕ್ಷಕ ಪ್ರೋಟೀನ್‌ಗಳು, ಹೋಗಿ ಅಂಟಿಕೊಂಡರೆ ಮುಗಿಯಿತು. ಪಿಸಿರಿಕೆಟ್ಸಿಯಾ ಹಾಗಲ್ಲ. ತನ್ನನ್ನು ನುಂಗಬೇಕಾದ ರಕ್ಷಕ ಕೋಶದ, ಅಂದರೆ ಮ್ಯಾಕ್ರೋಫೇಜ್‌ನ ಹೊಟ್ಟೆಯೊಳಗೇ ಅದು ಮನೆ ಮಾಡಿಕೊಳ್ಳುತ್ತದೆ. ಪೊಲೀಸ್ ಠಾಣೆಯಲ್ಲೇ ಕಳ್ಳ ಬಿಡಾರ ಹೂಡಿದಂತೆ. ಪ್ರತಿಕಾಯ ಕೋಶದ ಹೊರಗೆ ತಿರುಗುತ್ತದೆ, ಒಳಗಿರುವವನನ್ನು ಮುಟ್ಟಲಾರದು. ಒಳಗೆ ಅಡಗಿದವನನ್ನು ಹಿಡಿಯಲು ಬೇರೆ ಪಡೆ ಬೇಕು. ಸೋಂಕು ತಗಲಿದ ಕೋಶವನ್ನು ಗುರುತಿಸಿ ಕೊಲ್ಲುವ, ಮ್ಯಾಕ್ರೋಫೇಜ್‌ಗೆ ಚುರುಕು ಮುಟ್ಟಿಸುವ ಟಿ ಕೋಶಗಳ ಪಡೆ ಅದು. ಸತ್ತ ಬ್ಯಾಕ್ಟೀರಿಯಾ ಆ ಪಡೆಯನ್ನು ಸರಿಯಾಗಿ ಎಬ್ಬಿಸುವುದಿಲ್ಲ. ಕೋಶದೊಳಕ್ಕೆ ತಾನೇ ನುಗ್ಗಿ, ಅಲ್ಲಿ ಸ್ವಲ್ಪ ಕಾಲ ಬದುಕಿ, ಸಹಜವಾಗಿ ಸೋಂಕು ಬಂದಾಗ ಏನೇನು ಸಂಕೇತ ಹೊರಡುತ್ತವೋ ಅವನ್ನೆಲ್ಲ ಹೊರಡಿಸುವ ಜೀವಿ ಬೇಕು. ಆದರೆ ಅದು ಮೀನನ್ನು ಕೊಲ್ಲಬಾರದು.

ಜೀವಂತ ಲಸಿಕೆ ಎಂದರೆ ಇಷ್ಟೇ. ಇದರ ಪೂರ್ತಿ ಕಷ್ಟವೂ ಇದೇ. ಪಳಗಿಸಿದ್ದು ಕಡಿಮೆಯಾದರೆ ಲಸಿಕೆಯೇ ರೋಗವಾಗುತ್ತದೆ. ಹೆಚ್ಚಾದರೆ ಅದು ಮೀನಿನೊಳಗೆ ಒಂದು ದಿನವೂ ನಿಲ್ಲದೆ ಸಾಯುತ್ತದೆ. ಅಷ್ಟು ಶ್ರಮಪಟ್ಟು ನಾವು ಕೊಟ್ಟದ್ದು ಸತ್ತ ಲಸಿಕೆಯೇ ಆಗಿಬಿಡುತ್ತದೆ.

ಇಲ್ಲಿ ಮೀನಿನ ದೇಹದ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಕೋಳಿ, ಹಸುಗಳ ಲಸಿಕೆ ಮಾಡಿದವರು ಮೀನಿನ ಕಡೆ ಬಂದಾಗ ಎಡವುವುದು ಇಲ್ಲೇ. ಮೀನಿಗೆ ನಮ್ಮ ಹಾಗೆ ರಕ್ತ ತಯಾರಿಸುವ ಅಸ್ಥಿಮಜ್ಜೆಯಿಲ್ಲ. ದುಗ್ಧಗ್ರಂಥಿಗಳ ಗಂಟುಗಳಿಲ್ಲ. ಆ ಕೆಲಸವನ್ನು ಬಹುಪಾಲು ಮೂತ್ರಪಿಂಡದ ಮುಂಭಾಗ ಮತ್ತು ಗುಲ್ಮ (ಸ್ಪ್ಲೀನ್) ಮಾಡುತ್ತವೆ. ನಮ್ಮ ಹಾಗೆ ಐಜಿಜಿ ಪ್ರತಿಕಾಯವೂ ಅದಕ್ಕಿಲ್ಲ. ರಕ್ತದಲ್ಲಿ ಮುಖ್ಯವಾಗಿ ಇರುವುದು ಐಜಿಎಂ ಎಂಬ ಇನ್ನೊಂದು ಬಗೆಯ ಪ್ರತಿಕಾಯ. ಆದರೆ ಅದರ ಮೈಯೆಲ್ಲ ನೀರಿಗೆ ತೆರೆದ ಬಾಗಿಲು. ಚರ್ಮ, ಕಿವಿರು, ಕರುಳು ಮೂರೂ ಜೀವಂತ ಕೋಶಗಳ ತೆಳು ಪದರಗಳು, ಅವುಗಳ ಮೇಲೆ ಲೋಳೆ. ಆ ಗಡಿಯನ್ನು ಕಾಯುವುದಕ್ಕೇ ಮೀನಿನಲ್ಲಿ ಐಜಿಟಿ ಎಂಬ ಪ್ರತ್ಯೇಕ ಪ್ರತಿಕಾಯ ಇದೆ ಎಂಬುದು 2005ರ ನಂತರವಷ್ಟೇ ಗೊತ್ತಾಗುತ್ತಾ ಬಂತು. ಹೊಟ್ಟೆಗೆ ಚುಚ್ಚಿದ ಲಸಿಕೆ ಈ ಗಡಿ ಕಾವಲನ್ನು ಅಷ್ಟಾಗಿ ಎಚ್ಚರಿಸುವುದಿಲ್ಲ. ನೀರಿನಿಂದ ತಾನಾಗಿ ಕಿವಿರನ್ನೋ ಕರುಳನ್ನೋ ಹೊಕ್ಕು ಬರುವ ಜೀವಂತ ಬ್ಯಾಕ್ಟೀರಿಯಾ ಅದೇ ಬಾಗಿಲು ತಟ್ಟಿಕೊಂಡು ಬರುತ್ತದೆ.

ಇನ್ನು ಪಳಗಿಸುವುದು ಹೇಗೆ? ಕ್ರಮ ಹೊಸದಲ್ಲ. ಕ್ಷಯಕ್ಕೆ ಕೊಡುವ ಬಿಸಿಜಿ ಲಸಿಕೆಯನ್ನು ಕ್ಯಾಲ್ಮೆಟ್ ಮತ್ತು ಗೆರಾನ್ ಎಂಬ ವಿಜ್ಞಾನಿಗಳು 1908ರಿಂದ 13 ವರ್ಷ, 230 ಬಾರಿ ಬ್ಯಾಕ್ಟೀರಿಯಾವನ್ನು ಹೊಸ ಆಹಾರಕ್ಕೆ ದಾಟಿಸಿ ಮಾಡಿದರು. ಪ್ರಯೋಗಾಲಯದ ಸುಖಕ್ಕೆ ಒಗ್ಗಿದ ಬ್ಯಾಕ್ಟೀರಿಯಾ ಕಾಯಿಲೆ ತರುವ ವಿದ್ಯೆಯನ್ನು ಮರೆಯುತ್ತದೆ. ಯಾವ ಜೀನ್ ಕಳೆದುಹೋಯಿತು ಎಂಬುದು ಅವರಿಗೆ ಗೊತ್ತಿರಲಿಲ್ಲ, ದಶಕಗಳ ಬಳಿಕ ತಿಳಿಯಿತು.

ಮೀನಿನ ಲೋಕದಲ್ಲಿ ಇದೇ ದಾರಿಯಲ್ಲಿ ನಡೆದ ಒಂದು ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಮೆರಿಕದ ದಕ್ಷಿಣ ರಾಜ್ಯಗಳಾದ ಮಿಸಿಸಿಪಿ, ಅಲಬಾಮಾಗಳಲ್ಲಿ ಚಾನೆಲ್ ಕ್ಯಾಟ್‌ಫಿಶ್ ಸಾಕಣೆ ದೊಡ್ಡ ಉದ್ಯಮ. 1970ರ ದಶಕದ ಕೊನೆಯಲ್ಲಿ ಅಲ್ಲಿ ಒಂದು ಹೊಸ ಕಾಯಿಲೆ ಕಂಡಿತು. ನೀರು ಸುಮಾರು 22ರಿಂದ 28 ಡಿಗ್ರಿ ಇರುವಾಗ, ಅಂದರೆ ವಸಂತದಲ್ಲಿ ಮತ್ತು ಬೇಸಿಗೆ ಕಳೆದ ಮೇಲೆ, ಬೆರಳುದ್ದದ ಮರಿಗಳು ರಾಶಿ ರಾಶಿ ಸಾಯುತ್ತಿದ್ದವು. ಕೆಲವು ಮೀನುಗಳ ನೆತ್ತಿಯಲ್ಲಿ ತೂತು ಬೀಳುತ್ತಿತ್ತು. ಕಾರಣ ಎಡ್ವರ್ಡ್ಸಿಯೆಲ್ಲಾ ಇಕ್ಟಾಲುರಿ. ಇದೂ ಮ್ಯಾಕ್ರೋಫೇಜ್‌ನೊಳಗೆ ಬದುಕಬಲ್ಲ ಬ್ಯಾಕ್ಟೀರಿಯಾ. ಕೊಂದ ಲಸಿಕೆ ಅದರ ಮುಂದೆ ನಿಲ್ಲಲಿಲ್ಲ. ಸಾಲ್ಮನ್‌ಗೆ ಮಾಡಿದಂತೆ ಒಂದೊಂದು ಮರಿಗೂ ಚುಚ್ಚುವುದು ಇಲ್ಲಿ ಆಗುವ ಮಾತಲ್ಲ. ಒಂದು ಕ್ಯಾಟ್‌ಫಿಶ್ ಮರಿಯ ಬೆಲೆ ಆ ಕೂಲಿಯನ್ನು ತಡೆಯುವುದಿಲ್ಲ.

ಅಲಬಾಮಾದ ಆಬರ್ನ್‌ನಲ್ಲಿ ಅಮೆರಿಕ ಸರ್ಕಾರದ ಕೃಷಿ ಸಂಶೋಧನಾ ಪ್ರಯೋಗಾಲಯವಿದೆ. ಅಲ್ಲಿ ಫಿಲಿಪ್ ಕ್ಲೇಸಿಯಸ್, ಕ್ರೇಗ್ ಶೂಮೇಕರ್ ಈ ಬ್ಯಾಕ್ಟೀರಿಯಾವನ್ನು ರಿಫಾಂಪಿಸಿನ್ ಎಂಬ ಆ್ಯಂಟಿಬಯಾಟಿಕ್ ಇರುವ ಮಾಧ್ಯಮದಲ್ಲಿ ಬೆಳೆಸಿದರು. ಮೊದಲು ಸ್ವಲ್ಪ, ಆಮೇಲೆ ಇನ್ನಷ್ಟು, ಹೀಗೆ ಪ್ರಮಾಣ ಏರಿಸುತ್ತಾ ಮತ್ತೆ ಮತ್ತೆ ದಾಟಿಸಿದರು. ಆ ಔಷಧವನ್ನು ತಡೆದುಕೊಳ್ಳಲು ಬ್ಯಾಕ್ಟೀರಿಯಾ ತನ್ನ ಮೂಲ ಯಂತ್ರವನ್ನೇ ತಿದ್ದಿಕೊಳ್ಳಬೇಕಾಗುತ್ತದೆ. ಆ ಒತ್ತಡದಲ್ಲಿ ಬೇರೆ ಮ್ಯುಟೇಶನ್‌ಗಳೂ, ಅಂದರೆ ಜೀನ್‌ಗಳ ಬದಲಾವಣೆಗಳೂ, ಜೊತೆಗೂಡುತ್ತವೆ. ಕೊನೆಗೆ ಸಿಕ್ಕ ಆರ್‌ಇ-33 ಎಂಬ ತಳಿಯ ಹೊರಕವಚದಲ್ಲಿ ಇರಬೇಕಾದ ಉದ್ದನೆಯ ಸಕ್ಕರೆಯ ಸರಪಳಿಗಳೇ ಇರಲಿಲ್ಲ. ಮೀನಿನ ರಕ್ಷಣಾ ವ್ಯವಸ್ಥೆಯಿಂದ ತಪ್ಪಿಸಿಕೊಳ್ಳಲು ಬೇಕಾದ ಗುರಾಣಿ ಬಿದ್ದುಹೋಗಿತ್ತು. ಅದು ಮೀನಿನೊಳಕ್ಕೆ ಹೋಗುತ್ತದೆ, ಕೆಲವು ದಿನ ಇರುತ್ತದೆ, ಮೀನನ್ನು ಕೊಲ್ಲುವುದಿಲ್ಲ. 2000ದಲ್ಲಿ ಅದಕ್ಕೆ ಪರವಾನಗಿ ಸಿಕ್ಕಿತು. ಮೊಟ್ಟೆಯೊಡೆದು ಬಂದು 7ರಿಂದ 10 ದಿನವಾದ ಮರಿಗಳನ್ನು ಕೆಲವೇ ನಿಮಿಷ ಲಸಿಕೆಯ ನೀರಿನಲ್ಲಿ ಇಟ್ಟು ಕೊಳಕ್ಕೆ ಬಿಡುವುದು ಕ್ರಮ. ಈ ಲಸಿಕೆಗೆ ಆಮೇಲೆ ಕೊಳದಲ್ಲಿ ಏನಾಯಿತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ, ನೆನಪಿಟ್ಟುಕೊಂಡಿರಿ.

ರಿಫಾಂಪಿಸಿನ್ ದಾರಿಯಲ್ಲಿ ಒಂದು ಅನುಕೂಲ ಇದೆ. ಹೊರಗಿನ ಜೀನ್ ಏನನ್ನೂ ಸೇರಿಸಿಲ್ಲ, ಪ್ರತಿರೋಧ ಬಂದದ್ದು ಬ್ಯಾಕ್ಟೀರಿಯಾದ ಸ್ವಂತ ವರ್ಣತಂತುವಿನ ಬದಲಾವಣೆಯಿಂದ. ಬ್ಯಾಕ್ಟೀರಿಯಾಗಳು ಪರಸ್ಪರ ಹಂಚಿಕೊಳ್ಳುವ, ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿ ಅದು ಇಲ್ಲ. ಅನನುಕೂಲ ಏನೆಂದರೆ ಏನೇನು ಬದಲಾಯಿತು ಎಂಬುದು ಪೂರ್ತಿ ನಮ್ಮ ಕೈಯಲ್ಲಿರುವುದಿಲ್ಲ. ಮ್ಯುಟೇಶನ್ ಒಂದೇ ಅಕ್ಷರದ್ದಾಗಿದ್ದರೆ ಅದು ಹಿಂದಕ್ಕೆ ತಿರುಗಲೂಬಹುದು.

ಅದಕ್ಕಾಗಿಯೇ ಇನ್ನೊಂದು ದಾರಿ: ಬೇಕಾದ ಜೀನನ್ನು ಗುರಿಯಿಟ್ಟು ಬುಡಸಮೇತ ಕತ್ತರಿಸಿ ತೆಗೆಯುವುದು. ಇದರಲ್ಲಿ ನನಗೆ ತುಂಬ ಇಷ್ಟವಾದ ಉಪಾಯ ಹಸಿವಿನದು. ಬ್ಯಾಕ್ಟೀರಿಯಾ ಕೆಲವು ಅಮೈನೋ ಆಮ್ಲಗಳನ್ನೂ ಫೋಲೇಟ್ ಎಂಬ ವಿಟಮಿನ್‌ಗೆ ಬೇಕಾದ ಮೂಲವಸ್ತುವನ್ನೂ ತಾನೇ ತಯಾರಿಸಿಕೊಳ್ಳುತ್ತದೆ. ಆ ತಯಾರಿಕೆಯ ಸಾಲಿನಲ್ಲಿ ಅರೋಎ, ಅರೋಸಿ ಎಂಬ ಜೀನ್‌ಗಳಿವೆ. ಕಶೇರುಕ ಪ್ರಾಣಿಗಳಲ್ಲಿ ಈ ತಯಾರಿಕೆಯೇ ಇಲ್ಲ, ಆ ಮೂಲವಸ್ತು ನಮ್ಮ ಅಂಗಾಂಶದಲ್ಲಿ ಬ್ಯಾಕ್ಟೀರಿಯಾಗೆ ಸಾಕಾಗುವಷ್ಟು ಸಿಗುವುದೂ ಇಲ್ಲ. ಹಾಗಾಗಿ ಆ ಜೀನ್ ತೆಗೆದ ಬ್ಯಾಕ್ಟೀರಿಯಾಗೆ ಪ್ರಯೋಗಾಲಯದ ಮಾಧ್ಯಮದಲ್ಲಿ ಬುತ್ತಿ ಕಟ್ಟಿಕೊಟ್ಟರೆ ಚೆನ್ನಾಗಿ ಬೆಳೆಯುತ್ತದೆ. ಮೀನಿನೊಳಗೆ ಹೋದ ಮೇಲೆ ತಂದ ಬುತ್ತಿ ಮುಗಿಯುವವರೆಗೆ ಕೆಲವು ಪೀಳಿಗೆ ನಡೆದು, ಆಮೇಲೆ ಹಸಿವಿನಿಂದ ಸಾಯುತ್ತದೆ. ಅಷ್ಟರಲ್ಲಿ ಮೀನು ಅದನ್ನು ನೋಡಿ, ಗುರುತಿಟ್ಟುಕೊಂಡಿರುತ್ತದೆ. 1990ರ ದಶಕದಲ್ಲಿ ಫ್ಯುರಂಕ್ಯುಲೋಸಿಸ್‌ನ ರೋಗಾಣುವಿನಲ್ಲಿ ಅರೋಎ ತೆಗೆದ ತಳಿಯನ್ನು ಮಾಡಿ ಪರೀಕ್ಷಿಸಿದರು. ಅದು ಮಾರುಕಟ್ಟೆಗೆ ಬರಲಿಲ್ಲ. ಅದೇ ಹೊತ್ತಿಗೆ ಎಣ್ಣೆಯ ಲಸಿಕೆಗಳು ಆ ಕಾಯಿಲೆಯನ್ನು ಹಿಡಿದು ಹಾಕಿದ್ದವು. ಆದರೆ ಅದೇ ಉಪಾಯ ಚೀನಾದಲ್ಲಿ ಫಲ ಕೊಟ್ಟಿತು. ಟರ್ಬಟ್ ಎಂಬ ಚಪ್ಪಟೆ ಮೀನಿಗೆ ಬರುವ ವಿಬ್ರಿಯೋ ಆಂಗ್ವಿಲ್ಲಾರಮ್ ವಿರುದ್ಧ, ಅರೋಸಿ ಜೀನನ್ನೂ ಉಗ್ರತೆಯ ಪ್ಲಾಸ್ಮಿಡ್ಡನ್ನೂ ತೆಗೆದ ಜೀವಂತ ಲಸಿಕೆಗೆ 2019ರಲ್ಲಿ ಅಲ್ಲಿ ಅನುಮೋದನೆ ದೊರೆಯಿತು. ಅದಕ್ಕೂ ಮೊದಲು, 2015ರಲ್ಲಿ, ಅದೇ ಮೀನಿನ ಎಡ್ವರ್ಡ್ಸಿಯೆಲ್ಲಾ ಕಾಯಿಲೆಗೆ ಜೀವಂತ ಲಸಿಕೆ ಒಪ್ಪಿಗೆ ಪಡೆದಿತ್ತು.

ಎರಡು ಬೇರೆ ಬೇರೆ ಕಡೆ ಕತ್ತರಿಸುವುದಕ್ಕೆ ಕಾರಣ ನಿಮಗೆ ಹೊಳೆದಿರಬೇಕು. ಒಂದು ಬೀಗ ಒಡೆದರೂ ಇನ್ನೊಂದು ಇರಲಿ ಎಂದು.

ಹಾಗೆಂದು ಕತ್ತರಿಸುತ್ತಾ ಹೋದರೆ ಒಳ್ಳೆಯದಾಗುತ್ತದೆ ಎಂದಲ್ಲ. ನಾನೂ ಸಹೋದ್ಯೋಗಿಗಳೂ ಒಮ್ಮೆ ಸುರಕ್ಷತೆಯ ಆಸೆಗೆ ಬಿದ್ದು ಒಂದೇ ತಳಿಯಿಂದ ಮೂರು ಜೀನ್ ತೆಗೆದೆವು. ಮೀನಿಗೆ ಏನೂ ಆಗಲಿಲ್ಲ, ನಮಗೆ ಬಹಳ ಖುಷಿಯಾಯಿತು. ಎರಡು ದಿನ ಬಿಟ್ಟು ಮೂತ್ರಪಿಂಡದಿಂದ ಬ್ಯಾಕ್ಟೀರಿಯಾ ತೆಗೆದು ಬೆಳೆಸಲು ನೋಡಿದರೆ ತಟ್ಟೆಗಳೆಲ್ಲ ಖಾಲಿ. ರೋಗಾಣು ಒಡ್ಡಿದಾಗ ಲಸಿಕೆ ಪಡೆದ ಮೀನೂ ಪಡೆಯದ ಮೀನೂ ಒಂದೇ ಲೆಕ್ಕದಲ್ಲಿ ಸತ್ತವು. ಆ ಖಾಲಿ ತಟ್ಟೆಗಳು ನನಗೆ ಕಲಿಸಿದ್ದು ಬೇರೆ ಯಾವುದೂ ಕಲಿಸಿಲ್ಲ. ಅಂದಿನಿಂದ ಯಾವುದೇ ತಳಿ ಬಂದರೂ ನಾನು ಕೇಳುವ ಮೊದಲ ಪ್ರಶ್ನೆ: ಗುಲ್ಮದಲ್ಲಿ, ಮೂತ್ರಪಿಂಡದಲ್ಲಿ ಅದು ಎಷ್ಟು ದಿನ ಸಿಗುತ್ತದೆ? ಅದು ಕೆಲವು ದಿನ ಇರಬೇಕು, ಆಮೇಲೆ ಪೂರ್ತಿ ಹೋಗಬೇಕು. ಎರಡೂ ಕಾಣದಿದ್ದರೆ ಮುಂದೆ ಹೋಗುವುದು ವ್ಯರ್ಥ.

ಮೂರನೆಯ ದಾರಿಯೂ ಒಂದಿದೆ, ಚಿಕ್ಕದಾಗಿ ಹೇಳುತ್ತೇನೆ. ಸಾಲ್ಮನ್‌ನ ಮೂತ್ರಪಿಂಡ ಕಾಯಿಲೆ ತರುವ ರೆನಿಬ್ಯಾಕ್ಟೀರಿಯಮ್ ಬಹಳ ನಿಧಾನವಾಗಿ ಬೆಳೆಯುವ, ಕೋಶದೊಳಗೆ ಅಡಗುವ ಬ್ಯಾಕ್ಟೀರಿಯಾ. ಅದನ್ನು ಪಳಗಿಸುವ ಬದಲು ಅದರ ಸಾಧು ಸ್ವಭಾವದ ನೆಂಟನನ್ನು ಹುಡುಕಿದರು. ಆರ್ತ್ರೋಬ್ಯಾಕ್ಟರ್ ಎಂಬ, ಕಾಯಿಲೆಯನ್ನೇ ತಾರದ ಬ್ಯಾಕ್ಟೀರಿಯಾ ಅದು. ಹೊರಮೈಯ ಸಕ್ಕರೆಗಳು ಇಬ್ಬರಲ್ಲೂ ಹೋಲುತ್ತವೆ. ಸಿಡುಬಿಗೆ ದನದ ಸಿಡುಬನ್ನು ಬಳಸಿದ ತರ್ಕವೇ ಇದು. ಕೆನಡಾ, ಚಿಲಿಗಳಲ್ಲಿ ಅದು ಲಸಿಕೆಯಾಗಿ ಬಳಕೆಗೆ ಬಂತು. ಪಿಸಿರಿಕೆಟ್ಸಿಯಾಗೂ ಚಿಲಿಯಲ್ಲಿ 2016ರಲ್ಲಿ ದುರ್ಬಲಗೊಳಿಸಿದ ಜೀವಂತ ಲಸಿಕೆ ಬಂದಿದೆ.

ಈಗ ಪರೀಕ್ಷೆಯ ಮಾತು. ಲಸಿಕೆ ಕೆಲಸ ಮಾಡಿತೇ ಎಂದು ಹೇಗೆ ತಿಳಿಯುತ್ತದೆ? ಲಸಿಕೆ ಕೊಟ್ಟ ಮೀನುಗಳನ್ನೂ ಕೊಡದ ಮೀನುಗಳನ್ನೂ ಒಂದೇ ರೀತಿ ಉಗ್ರ ರೋಗಾಣುವಿಗೆ ಒಡ್ಡಿ ಸಾವು ಎಣಿಸುತ್ತೇವೆ. ಲಸಿಕೆ ಇಲ್ಲದ ನೂರರಲ್ಲಿ 80 ಸತ್ತು, ಲಸಿಕೆ ಪಡೆದ ನೂರರಲ್ಲಿ 16 ಸತ್ತರೆ, ಸಾಯಬೇಕಾಗಿದ್ದ ಪ್ರತಿ ನೂರಕ್ಕೆ 80 ಉಳಿದವು ಎಂದು ಲೆಕ್ಕ. ಇದನ್ನು ಸಾಪೇಕ್ಷ ಬದುಕುಳಿವಿನ ಶೇಕಡಾ ಅನ್ನುತ್ತಾರೆ. ಈ ಲೆಕ್ಕದಲ್ಲಿ ಒಂದು ಕುಣಿಕೆ ಇದೆ. ಲಸಿಕೆ ಇಲ್ಲದವು 20, ಲಸಿಕೆ ಪಡೆದವು 4 ಸತ್ತರೂ ಉತ್ತರ ಅದೇ 80. ಆದರೆ ಇಪ್ಪತ್ತೇ ಸಾಯುವಷ್ಟು ಸೌಮ್ಯವಾದ ಸವಾಲನ್ನು ಗೆದ್ದ ಲಸಿಕೆಯನ್ನು ನಂಬಲಾಗದು. ಅದಕ್ಕೆ 1981ರಲ್ಲಿ ಅಮೆಂಡ್ ಎಂಬವರು ಹಾಕಿಕೊಟ್ಟ ನಿಯಮ ಇಂದಿಗೂ ಚಾಲ್ತಿಯಲ್ಲಿದೆ: ಲಸಿಕೆ ಇಲ್ಲದ ಗುಂಪಿನಲ್ಲಿ ಕನಿಷ್ಠ ಶೇ. 60 ಸಾಯಬೇಕು, ಲಸಿಕೆಯ ಗುಂಪಿನಲ್ಲಿ ಶೇ. 24ಕ್ಕಿಂತ ಹೆಚ್ಚು ಸಾಯಬಾರದು.

ಸಾವು ಬೇಕು ಎಂದು ಕಾಯುವ ಈ ಕೆಲಸ ಸುಲಭದ್ದಲ್ಲ. ನನ್ನ ಮೊದಲ ವರ್ಷದ ಪ್ರಯೋಗಗಳಲ್ಲಿ ಲಸಿಕೆ ಕೊಡದ ಮೀನುಗಳೂ ಸಾಯಲಿಲ್ಲ. ತಪ್ಪು ನಮ್ಮದೇ. ಉಗ್ರ ತಳಿಯನ್ನು ಮತ್ತೆ ಮತ್ತೆ ತಟ್ಟೆಯಿಂದ ತಟ್ಟೆಗೆ ದಾಟಿಸಿ ನಾವೇ ಅದನ್ನು ಅರಿಯದೆ ಪಳಗಿಸಿಬಿಟ್ಟಿದ್ದೆವು. ಅದನ್ನು ಒಂದೆರಡು ಬಾರಿ ಮೀನಿನ ಮೂಲಕ ಹಾಯಿಸಿ ತೆಗೆದ ಮೇಲೆ ಉಗ್ರತೆ ಮರಳಿತು. ಈ ಅನುಭವ ನನಗೆ ಒಂದು ಭಯವನ್ನೂ ಕೊಟ್ಟಿತು. ಮೀನಿನ ಮೂಲಕ ಹಾದರೆ ಉಗ್ರತೆ ಮರಳುವುದಾದರೆ ನಾವು ಪಳಗಿಸಿದ ಲಸಿಕೆಗೂ ಹಾಗಾಗಬಹುದಲ್ಲ?

ಜೀವಂತ ಲಸಿಕೆಯ ಪರವಾನಗಿಯಲ್ಲಿ ಅತಿ ಕಠಿಣ ಪರೀಕ್ಷೆ ಇದಕ್ಕೇ ಇದೆ. ಲಸಿಕೆಯ ಬ್ಯಾಕ್ಟೀರಿಯಾವನ್ನು ಒಂದು ಗುಂಪು ಮೀನಿಗೆ ಕೊಡುತ್ತಾರೆ. ಕೆಲವು ದಿನಗಳ ನಂತರ ಅವುಗಳ ಅಂಗಗಳಿಂದ ಅದನ್ನು ಹೊರತೆಗೆದು ಎರಡನೆಯ ಗುಂಪಿಗೆ, ಅಲ್ಲಿಂದ ಮೂರನೆಯದಕ್ಕೆ, ಹೀಗೆ ಸಾಮಾನ್ಯವಾಗಿ ಐದು ಗುಂಪಿನವರೆಗೆ ದಾಟಿಸುತ್ತಾರೆ. ಕೊನೆಯ ಗುಂಪಿನಲ್ಲೂ ಕಾಯಿಲೆಯ ಲಕ್ಷಣ ಇರಬಾರದು. ನಿಗದಿತ ಪ್ರಮಾಣಕ್ಕಿಂತ ಹೆಚ್ಚು ಕೊಟ್ಟರೂ ಮೀನು ಸಹಿಸಬೇಕು. ಇನ್ನೊಂದು ಪ್ರಶ್ನೆ ನೀರಿನದು. ಹಸುವಿಗೆ ಕೊಟ್ಟ ಲಸಿಕೆ ಬಹುಮಟ್ಟಿಗೆ ಹಸುವಿನಲ್ಲೇ ಉಳಿಯುತ್ತದೆ. ಮೀನಿಗೆ ಅದ್ದಿ ಕೊಟ್ಟ ಲಸಿಕೆ ನೀರಿಗೂ ಸೇರುತ್ತದೆ, ನೀರು ಹೊಳೆಗೋ ಕಡಲಿಗೋ ಸೇರುತ್ತದೆ. ಅದು ಕೆಸರಿನಲ್ಲಿ ಎಷ್ಟು ದಿನ ಬದುಕುತ್ತದೆ, ಪಕ್ಕದ ಬೇರೆ ಜಾತಿಯ ಮೀನಿಗೆ ಏನು ಮಾಡುತ್ತದೆ, ನಿಶ್ಶಕ್ತವಾಗಿರುವ ಮೀನಿಗೆ ಏನು ಮಾಡುತ್ತದೆ ಎಂದೆಲ್ಲ ತೋರಿಸಬೇಕು. ಪ್ರಯೋಗಾಲಯದಲ್ಲಿ ತಳಿಯನ್ನು ಗುರುತಿಸಲು ಅನುಕೂಲವೆಂದು ಸೇರಿಸಿದ ಆ್ಯಂಟಿಬಯಾಟಿಕ್ ಪ್ರತಿರೋಧದ ಜೀನ್ ಅಂತಿಮ ಲಸಿಕೆಯಲ್ಲಿ ಉಳಿದರೆ ಅದನ್ನು ಕೊಳಕ್ಕೆ ಬಿಡುವಂತೆಯೇ ಇಲ್ಲ. ಆ್ಯಂಟಿಬಯಾಟಿಕ್ ಬಳಕೆ ತಗ್ಗಿಸಲೆಂದು ಹೊರಟ ಕೆಲಸದಲ್ಲಿ ಪ್ರತಿರೋಧವನ್ನು ಹಂಚುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಈ ಕಠಿಣತೆಯಿಂದ ಒಂದು ಲಸಿಕೆ ತಡವಾಗುತ್ತದೆ ಎಂದು ಗೊಣಗುವವರಿದ್ದಾರೆ. ತಡವಾಗಲಿ. ನೀರಿಗೆ ಬಿಟ್ಟ ಜೀವಿಯನ್ನು ಮರಳಿ ಕರೆಯಲು ದಾರಿಯಿಲ್ಲ.

ಸಾಕಣೆದಾರರು ಇಲ್ಲಿ ಹಲವರಿದ್ದೀರಿ, ನಿಮಗಾಗಿ ಕೆಲವು ಮಾತು. ಜೀವಂತ ಲಸಿಕೆ ಎಂದರೆ ಜೀವ ಇರುವ ಸರಕು. ಒಣಗಿಸಿ ಪುಡಿ ಮಾಡಿ ಬಾಟಲಿಯಲ್ಲಿ ಕೊಟ್ಟರೂ ಅದನ್ನು ತಂಪಿನಲ್ಲೇ ಇಡಬೇಕು, ಕಲಸಿದ ಮೇಲೆ ಬೇಗ ಬಳಸಬೇಕು. ಕ್ಲೋರಿನ್ ಇರುವ ನೀರಿನಲ್ಲಿ ಕಲಸಿದರೆ ಅಲ್ಲೇ ಸಾಯುತ್ತದೆ. ಮೀನಿಗೆ ಮೇವಿನಲ್ಲಿ ಆ್ಯಂಟಿಬಯಾಟಿಕ್ ನಡೆಯುತ್ತಿರುವಾಗ ಲಸಿಕೆ ಕೊಟ್ಟರೆ ಔಷಧ ಮೊದಲು ಕೊಲ್ಲುವುದು ಲಸಿಕೆಯನ್ನೇ. ಬಳಲಿದ, ಆಗಲೇ ಕಾಯಿಲೆ ಹತ್ತಿದ ಮೀನಿಗೆ ಕೊಡಬಾರದು. ಇನ್ನು ನೀರಿನ ತಾಪ. ಮೀನು ಶೀತರಕ್ತದ ಪ್ರಾಣಿ, ಅದರ ರೋಗನಿರೋಧಕ ಶಕ್ತಿ ನೀರಿನ ಬಿಸಿಯೊಂದಿಗೆ ನಡೆಯುತ್ತದೆ. ಹಾಗಾಗಿ ಸಾಲ್ಮನ್ ಸಾಕುವವರು ದಿನ ಎಣಿಸುವುದಿಲ್ಲ, ದಿನ ಮತ್ತು ಡಿಗ್ರಿಯನ್ನು ಗುಣಿಸಿ ಎಣಿಸುತ್ತಾರೆ. ಲಸಿಕೆ ಕೊಟ್ಟು ಸುಮಾರು 500 ಆಗುವವರೆಗೆ ಸಮುದ್ರಕ್ಕೆ ಬಿಡುವುದಿಲ್ಲ. 10 ಡಿಗ್ರಿ ನೀರಿನಲ್ಲಿ ಅದು 50 ದಿನ. ಲಸಿಕೆ ಕೊಟ್ಟ ಮರುದಿನದಿಂದಲೇ ಮೀನು ಸುರಕ್ಷಿತ ಎಂದುಕೊಳ್ಳಬೇಡಿ.

ಈಗ ನೆನಪಿಟ್ಟುಕೊಳ್ಳಿ ಎಂದು ಹೇಳಿದ್ದ ಕ್ಯಾಟ್‌ಫಿಶ್ ಲಸಿಕೆಗೆ ಮರಳುತ್ತೇನೆ. ಪ್ರಯೋಗಾಲಯದಲ್ಲಿ ಚೆನ್ನಾಗಿ ಕಾಪಾಡಿದ ಆ ಲಸಿಕೆ ದೊಡ್ಡ ಕೊಳಗಳಲ್ಲಿ ಎಲ್ಲರೂ ಎದುರು ನೋಡಿದಷ್ಟು ಫಲ ಕೊಡಲಿಲ್ಲ. ಏಕೆ? ಕೆಲವೇ ದಿನದ ಮರಿಗೆ ಲಸಿಕೆ ಕೊಡುತ್ತಿದ್ದದ್ದು ಅದು ಒಳ್ಳೆಯ ವಯಸ್ಸು ಎಂದಲ್ಲ, ಮರಿಗಳು ಕೈಗೆ ಸಿಗುತ್ತಿದ್ದದ್ದು ಆಗ ಮಾತ್ರ ಎಂದು. ಹ್ಯಾಚರಿಯಿಂದ ಮರಿಕೊಳಕ್ಕೆ ಬಿಟ್ಟ ಮೇಲೆ ತಿಂಗಳುಗಟ್ಟಲೆ ಅವುಗಳನ್ನು ಹಿಡಿಯುವುದೇ ಇಲ್ಲ. ಅಷ್ಟು ಎಳೆಯ ಮರಿಯ ರಕ್ಷಣಾ ವ್ಯವಸ್ಥೆ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಅದು ಕಲಿತ ಪಾಠ, ರೋಗ ಬರುವ ಹೊತ್ತಿಗೆ ಮಸುಕಾಗಿರುತ್ತದೆ. ತಳಿ ಚೆನ್ನಾಗಿತ್ತು, ಕೊಟ್ಟ ಗಳಿಗೆ ಸರಿಯಿರಲಿಲ್ಲ.

ಮಿಸಿಸಿಪಿಯ ಸ್ಟೋನ್‌ವಿಲ್‌ನಲ್ಲಿ ಡೇವಿಡ್ ವೈಸ್ ಮತ್ತು ಅವರ ತಂಡ ಇದನ್ನು ಬೇರೆ ಕಡೆಯಿಂದ ನೋಡಿತು. ಬಲಿತ ಮರಿಯನ್ನು ಹಿಡಿಯಲಾಗದು ಸರಿ, ಆದರೆ ಅದು ದಿನವೂ ಮೇವಿಗೆ ಬರುತ್ತದಲ್ಲ? ಈ ಬ್ಯಾಕ್ಟೀರಿಯಾ ಸಹಜವಾಗಿಯೂ ಮೀನನ್ನು ಹೊಗುವ ಒಂದು ದಾರಿ ಕರುಳು. ಅವರು ತಮ್ಮದೇ ಒಂದು ದುರ್ಬಲ ತಳಿಯನ್ನು ಬೆಳೆಸಿ, ಮೇವಿನ ಕಾಳುಗಳಿಗೆ ಬೆರೆಸಿ, ಕೊಳದ ದಂಡೆಯಿಂದ ಯಂತ್ರದ ಮೂಲಕ ಒಂದು ಹೊತ್ತು ಎರಚಿದರು. ಕೊಳಗಳ ಮಟ್ಟದಲ್ಲಿ ನಡೆದ ಪರೀಕ್ಷೆಗಳಲ್ಲಿ ಬದುಕುಳಿದ ಮೀನಿನ ಪ್ರಮಾಣ ಏರಿತು, ಮೇವು ಮಾಂಸವಾಗುವ ಲೆಕ್ಕವೂ ಸುಧಾರಿಸಿತು. ಮಾತಿನ ಆರಂಭದಲ್ಲಿ ಹೇಳಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕಾಯಿಲೆಯ ಮೀನು ಮೇವು ತಿನ್ನುವುದಿಲ್ಲ ಎಂಬುದು ಔಷಧಕ್ಕೆ ಅಡ್ಡಿಯಾಗಿತ್ತು. ಲಸಿಕೆ ತಲುಪಬೇಕಾದದ್ದು ಆರೋಗ್ಯವಾಗಿರುವ, ಹಸಿದು ಮೇವಿಗೆ ನುಗ್ಗುವ ಮೀನನ್ನೇ. ಔಷಧಕ್ಕೆ ಮುಚ್ಚಿದ್ದ ದಾರಿ ಲಸಿಕೆಗೆ ತೆರೆದಿತ್ತು.

ಇನ್ನೊಂದೇ ಸಂಗತಿ ಹೇಳಿ ಮುಗಿಸುತ್ತೇನೆ. ಲಸಿಕೆ ತಯಾರಾದ ಮೇಲೂ ರೋಗಾಣು ಸುಮ್ಮನೆ ಕೂರುವುದಿಲ್ಲ. ಇಸ್ರೇಲ್‌ನಲ್ಲಿ 1995ರಿಂದ 1997ರವರೆಗೆ ಟ್ರೌಟ್ ಮೀನುಗಳಿಗೆ ಸ್ಟ್ರೆಪ್ಟೋಕಾಕಸ್ ಇನಿಯೇ ವಿರುದ್ಧ ಲಸಿಕೆ ಕೊಟ್ಟರು. ಅದು ಕೊಂದ ಲಸಿಕೆಯೇ, ಆದರೂ ಪಾಠ ಎಲ್ಲಕ್ಕೂ ಸಲ್ಲುತ್ತದೆ. ಮೊದಲು ಸಾವು ಇಳಿಯಿತು. 1997ರಲ್ಲಿ ಲಸಿಕೆ ಪಡೆದ ಮೀನುಗಳಲ್ಲೇ ಕಾಯಿಲೆ ಮರಳಿತು. ತಂದದ್ದು ಅದೇ ಬ್ಯಾಕ್ಟೀರಿಯಾದ, ಹೊರಕವಚ ಬದಲಾದ ಇನ್ನೊಂದು ಬಗೆ. ಕ್ಯಾಟ್‌ಫಿಶ್‌ನಲ್ಲೂ ಹೀಗೊಂದು ನಡೆಯಿತು. ಕಿವಿರು, ಚರ್ಮ ಕೊಳೆಯಿಸುವ ಕಾಲಮ್ನಾರಿಸ್ ಕಾಯಿಲೆಗೆ 2005ರಲ್ಲಿ ಬಂದ ಜೀವಂತ ಲಸಿಕೆಯ ತಳಿ ಒಂದು ಬಗೆಗೆ ಸೇರಿದ್ದು. ಕ್ಯಾಟ್‌ಫಿಶ್ ಅನ್ನು ಹೆಚ್ಚು ಕೊಲ್ಲುತ್ತಿರುವುದು ಇನ್ನೊಂದು ಬಗೆ ಎಂದು ಆಮೇಲೆ ತಿಳಿಯಿತು. ಸಂಶೋಧಕರು ಆ ಬಗೆಯಿಂದಲೇ ಹೊಸ ದುರ್ಬಲ ತಳಿ ಮಾಡಬೇಕಾಯಿತು, ಅದು ಹಳೆಯದಕ್ಕಿಂತ ಚೆನ್ನಾಗಿ ಕಾಪಾಡಿತು. 2022ರಲ್ಲಿ ಈ ಬಗೆಗಳನ್ನು ನಾಲ್ಕು ಬೇರೆ ಬೇರೆ ಪ್ರಭೇದಗಳೆಂದೇ ವಿಂಗಡಿಸಿದರು. ಒಂದೇ ಹೆಸರಿನ ಕೆಳಗೆ ನಾಲ್ವರು ಇದ್ದರು ಎಂದಾಯಿತು.

ಆದ್ದರಿಂದ ಸಾಕಣೆದಾರರಲ್ಲಿ ನನ್ನ ಒಂದೇ ಕೋರಿಕೆ. ಲಸಿಕೆ ಹಾಕಿದ ಕೊಳದಲ್ಲಿ ಮೀನು ಸತ್ತರೆ ಲಸಿಕೆ ಕೆಲಸ ಮಾಡಲಿಲ್ಲ ಎಂದು ಬೇಸರಪಟ್ಟು ಮೀನನ್ನು ಹೂಳಬೇಡಿ. ಇನ್ನೂ ಉಸಿರಾಡುತ್ತಿರುವ, ಆಗತಾನೇ ಕಾಯಿಲೆ ಹತ್ತಿದ ನಾಲ್ಕೈದು ಮೀನನ್ನು ಅದೇ ನೀರಿನಲ್ಲಿ ಹತ್ತಿರದ ಮೀನು ರೋಗ ಪ್ರಯೋಗಾಲಯಕ್ಕೆ ತಲುಪಿಸಿ. ಅವುಗಳ ಮೂತ್ರಪಿಂಡದಿಂದ ನಾವು ತೆಗೆಯುವ ಬ್ಯಾಕ್ಟೀರಿಯಾವೇ ಮುಂದಿನ ಲಸಿಕೆಯ ಮೂಲ ತಳಿ ಆಗಬಹುದು.